ಕಲೆ ಅರಿಶಿನದ್ದೋ, ಕಲಬೆರಕೆಯದ್ದೋ?



ಪುಣೆ ಜಿಲ್ಲೆಯ ಜೇಜುರಿಯಲ್ಲಿ ಖಂಡೋಬನಿಗೆ ಎರಚುವ ಭಂಡಾರದಿಂದ, ಅಂದರೆ ಅರಿಶಿನದ ಪುಡಿಯಿಂದ, ಗುಡಿಯ ಕಲ್ಲು ಬಣ್ಣಗೆಡುತ್ತಿದೆ, ಎರಚುವುದನ್ನೇ ನಿಲ್ಲಿಸಬೇಕು ಎನ್ನುವವರಿದ್ದಾರೆ. ಈ ಮಾತು ನಾಳೆ ಭಂಡಾರ ಎರಚುವ ನಮ್ಮ ಮೈಲಾರ, ದೇವರಗುಡ್ಡಗಳಿಗೂ ಬರಬಹುದು. ಆದ್ದರಿಂದ ಪುಣೆಯಿಂದಲೇ ನನ್ನ ತಕರಾರು.

ಅರಿಶಿನದ್ದು ಗಟ್ಟಿ ಬಣ್ಣವಲ್ಲ. ಅದಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬಿಸಿಲು ತಡೆಯದು. ಸೀರೆಯ ಮೇಲಿನ ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಮಾಸುವುದು ಯಾರ ಮನೆಯಲ್ಲಿ ಗೊತ್ತಿಲ್ಲ? ಸೋಪು ತಾಗಿದರೆ ಕೆಂಪಾಗುವುದು, ಸುಣ್ಣ ಬೆರೆಸಿದರೆ ಆರತಿಯ ಓಕುಳಿಯಾಗುವುದು, ಎಲ್ಲ ಕ್ಷಾರಕ್ಕೆ ಅದು ಬಣ್ಣ ಬದಲಿಸುವ ಪರಿ. ಬಯಲಲ್ಲಿರುವ ಮೆಟ್ಟಿಲು, ದೀಪಮಾಲೆಗಳ ಮೇಲೆ ಬಿದ್ದದ್ದು ಅಸಲಿ ಅರಿಶಿನವಾದರೆ ಅದರ ಹಳದಿ ಬಿಸಿಲಿಗೆ ತೆಳುವಾಗುತ್ತಾ ಹೋಗುತ್ತದೆ. ಗರ್ಭಗುಡಿಯ ಮಾತು ಬೇರೆ, ಒಪ್ಪುತ್ತೇನೆ. ಅಲ್ಲಿ ಬಿಸಿಲಿಲ್ಲ, ದೀಪದೆಣ್ಣೆಯ ಜಿಡ್ಡು ಪುಡಿಯನ್ನೂ ಮಸಿಯನ್ನೂ ಕಲ್ಲಿಗೆ ಅಂಟಿಸುತ್ತದೆ, ತೇವ ಸೇರಿದರೆ ಪುಡಿಯಲ್ಲಿನ ಪಿಷ್ಟಕ್ಕೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಒಳಗೆ ಮಿತಿ ಇರಲಿ.

ಆದರೆ ಅಗ್ಗಕ್ಕೆ ಸಿಗುವ ಭಂಡಾರವೆಲ್ಲ ಅರಿಶಿನವೇ ಎಂದು ಯಾರೂ ಕೇಳುತ್ತಿಲ್ಲ. 'ಪೂಜೆಗೆ ಮಾತ್ರ, ತಿನ್ನಲು ಅಲ್ಲ' ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ಪೊಟ್ಟಣ 2006ರ ಆಹಾರ ಸುರಕ್ಷತಾ ಕಾಯ್ದೆಯ ಕೈಯಿಂದ ನುಣುಚಿಕೊಳ್ಳುತ್ತದೆ. ಅಡುಗೆಯ ಅರಿಶಿನಕ್ಕೇ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣ, ಸೀಸದ ಕ್ರೋಮೇಟ್ ಬೆರೆಸಿ ಸಿಕ್ಕಿಬಿದ್ದವರಿರುವಾಗ, ಯಾರೂ ಪರೀಕ್ಷಿಸದ ಪುಡಿಯ ಗತಿಯೇನು? ಸೀಸದ ಕ್ರೋಮೇಟ್ ಎಂದರೆ ರಸ್ತೆಯ ಹಳದಿ ಪಟ್ಟೆಗೆ ಬಳಸುತ್ತಿದ್ದ ಬಣ್ಣ. ಬಿಸಿಲು ಮಳೆಗೆ ಅಷ್ಟು ಬೇಗ ಜಗ್ಗುವಂಥದ್ದಲ್ಲ. ಭಕ್ತರು ಭಂಡಾರವನ್ನು ಹಣೆಗೆ ಹಚ್ಚುತ್ತಾರೆ, ನಾಲಿಗೆಗೂ ಇಟ್ಟುಕೊಳ್ಳುತ್ತಾರೆ. ಸೋಮವತಿ ಅಮಾವಾಸ್ಯೆಯ ಜನಜಂಗುಳಿಯಲ್ಲಿ ಹೆಗಲ ಮೇಲಿನ ಕೂಸೂ ಅದನ್ನೇ ಉಸಿರಾಡುತ್ತದೆ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಸ್ವಲ್ಪವಾದರೂ ಕೇಡೇ. ಕಲ್ಲಿನ ಚಿಂತೆ ಆಮೇಲಿನದು.

ಮೆಟಾನಿಲ್ ಯೆಲ್ಲೋ ಪತ್ತೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ. ನೀರಲ್ಲಿ ಕದಡಿದ ಪುಡಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ಗುಲಾಬಿ ಬಣ್ಣ ಬಂದು, ಮತ್ತಷ್ಟು ನೀರು ಹೊಯ್ದರೂ ಅದು ಉಳಿದರೆ ಬೆರಕೆಯೆಂದೇ ಅರ್ಥ. ಸೀಸಕ್ಕೆ ಮಾತ್ರ ಪ್ರಯೋಗಾಲಯ ಬೇಕು.

ಜಾತ್ರೆಗೆ ಮುನ್ನ ಅಂಗಡಿಗಳಿಂದ ಮಾದರಿ ಎತ್ತಿ ಪರೀಕ್ಷಿಸುವುದು, 'ಪೂಜೆಗೆ ಮಾತ್ರ' ಪೊಟ್ಟಣದ ಮೇಲೂ ಏನೇನು ಬೆರೆತಿದೆಯೆಂದು ಮುದ್ರಿಸುವುದು ಎರಡೂ ಕಡ್ಡಾಯವಾಗಲಿ, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ. ಅರಿಶಿನದ ದೊಡ್ಡ ಪೇಟೆ ಸಾಂಗ್ಲಿ ಎರಡೂ ರಾಜ್ಯಗಳಿಗೆ ಹತ್ತಿರವೇ ಇದೆ. ಅಸಲಿ ಮಾಲಿಗೆ ಬರವೇನಿಲ್ಲ.

– ಒಬ್ಬ ಓದುಗ, ಪುಣೆ