ಗ್ರಾಮರ್ ಉರು ಹೊಡೆಯುವ ಮುಂಚೆ ಪ್ರಶ್ನೆಪತ್ರಿಕೆ ನೋಡಿ

ಮೊಳಕಾಲ್ಮೂರು ಕಡೆಯ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಅಪ್ಪ ರೇಷ್ಮೆ ಸೀರೆ ನೇಯುತ್ತಾರೆ. ಇಂಗ್ಲೆಂಡಿನಲ್ಲಿ ನರ್ಸ್ ಆಗುವಾಸೆ. "ಅಣ್ಣಾ, ಐಇಎಲ್‌ಟಿಎಸ್‌ಗೆ ಮೂರು ತಿಂಗಳಿಂದ ಗ್ರಾಮರ್ ಓದ್ತಿದೀನಿ. ಅದು ಎಷ್ಟು ಮಾರ್ಕ್ಸಿಗೆ ಬರುತ್ತೆ?" ಎಂದಳು.

ಗ್ರಾಮರಿಗೆ ಅಂತ ಬೇರೆ ಪತ್ರಿಕೆಯೇ ಇಲ್ಲ ಕಣಮ್ಮ, ಬರೆಯುವಾಗ, ಮಾತಾಡುವಾಗ ಅದು ಲೆಕ್ಕಕ್ಕೆ ಬರುತ್ತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಿಮ್ಮಪ್ಪ ಡಿಸೈನ್ ನೋಡದೆ ಮಗ್ಗಕ್ಕೆ ಕೂರ್ತಾರಾ?" ಅಂದಾಗ ನಕ್ಕಳು.

ಆ ಡಿಸೈನ್ ಹೀಗಿದೆ. ಐಇಎಲ್‌ಟಿಎಸ್‌ನಲ್ಲಿ ನಾಲ್ಕು ಭಾಗ. ಕೇಳುವುದು: ಸುಮಾರು 30 ನಿಮಿಷ, 40 ಪ್ರಶ್ನೆ, ಧ್ವನಿ ಒಂದೇ ಸಲ ಕೇಳಿಸುತ್ತೆ. ಓದುವುದು: 60 ನಿಮಿಷ, 40 ಪ್ರಶ್ನೆ. ಬರೆಯುವುದು: 60 ನಿಮಿಷದಲ್ಲಿ ಎರಡು ಬರಹ, ಒಂದು ಕನಿಷ್ಠ 150 ಪದ, ಇನ್ನೊಂದು 250. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ಮಾತಾಡುವುದು: 11ರಿಂದ 14 ನಿಮಿಷ, ಎದುರಿಗೆ ಪರೀಕ್ಷಕರು.

ಇಲ್ಲಿ ಪಾಸು-ಫೇಲು ಇಲ್ಲ. 9ರವರೆಗೆ ಬ್ಯಾಂಡ್ ಕೊಡುತ್ತಾರೆ, ಎಷ್ಟು ಬೇಕು ಅನ್ನುವುದನ್ನು ನೀವು ಹೋಗುವ ಕಡೆಯವರು ಹೇಳುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಕೇಳುತ್ತದೆ. ಅಂಕದ ಬೆಲೆ ಎರಡು ವರ್ಷ ಮಾತ್ರ.

ಸಣ್ಣ ನಿಯಮಗಳೇ ಅಂಕ ತಿನ್ನುವುದು. ಎರಡು ಪದದೊಳಗೆ ಬರೆಯಿರಿ ಎಂದ ಕಡೆ ಮೂರು ಪದ ಬರೆದರೆ, ಉತ್ತರ ಗೊತ್ತಿದ್ದೂ ಸೊನ್ನೆ. ಕಾಗುಣಿತ ತಪ್ಪಿದರೂ ಅಷ್ಟೇ. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಅದು ಗೊತ್ತಿಲ್ಲದವರು ಖಾಲಿ ಬಿಟ್ಟು ಬರುತ್ತಾರೆ.

ಪುಸ್ತಕ ಕೊಳ್ಳುವಾಗಲೂ ಹುಷಾರು. ಕೇಂಬ್ರಿಡ್ಜ್ ಎಂದು ಬರೆದಿದ್ದೆಲ್ಲ ಒಂದೇ ಪರೀಕ್ಷೆಯದಲ್ಲ. ಸಿ1 ಅಡ್ವಾನ್ಸ್ಡ್ ಎಂಬ ಅವರ ಇನ್ನೊಂದು ಪರೀಕ್ಷೆಯಲ್ಲಿ ಧ್ವನಿ ಎರಡು ಸಲ ಕೇಳಿಸುತ್ತೆ, ಮಾತಿನ ಪರೀಕ್ಷೆಗೆ ಜೋಡಿಯಾಗಿ ಕೂರಿಸುತ್ತಾರೆ. ಅದರಲ್ಲಿ ಅಭ್ಯಾಸ ಮಾಡಿ ಇದಕ್ಕೆ ಹೋದರೆ ಗಾಬರಿಯೇ. ನರ್ಸುಗಳಿಗೆ ಒಇಟಿ ಎಂಬ ಬೇರೆ ದಾರಿಯೂ ಇದೆ. ಅಲ್ಲಿ ಬರೆಯುವುದು ರೋಗಿಯ ಬಗ್ಗೆ ಪತ್ರ, ಮಾತು ರೋಗಿಯ ಜೊತೆಗಿನ ಮಾತಿನಂತೆ. ಬ್ರಿಟನ್ನಿನ ಮಂಡಳಿ ಅದನ್ನೂ ಒಪ್ಪುತ್ತದೆ.

ಮಾದರಿ ತಿಳಿದ ಮಾತ್ರಕ್ಕೆ ಇಂಗ್ಲಿಷ್ ಬಂದುಬಿಡುವುದಿಲ್ಲ, ನಿಜ. ದಿನಾ ಓದಬೇಕು, ಕೇಳಬೇಕು, ಬಾಯಿಬಿಟ್ಟು ಮಾತಾಡಬೇಕು. ಆದರೆ ಇರುವ ಇಂಗ್ಲಿಷಾದರೂ ಅಂಕವಾಗಬೇಕಲ್ಲ? ಐಇಎಲ್‌ಟಿಎಸ್ ಶುಲ್ಕವೇ 15 ಸಾವಿರ ರೂಪಾಯಿ ದಾಟಿದೆ. ಮಗ್ಗದ ಮನೆಗೆ, ಶೇಂಗಾ ಬೆಳೆಯುವ ಮನೆಗೆ ಅದನ್ನು ಎರಡು ಸಲ ಕಟ್ಟುವುದು ಸುಲಭವಲ್ಲ. ಬೆಂಗಳೂರಲ್ಲಿ ರೂಮು ಮಾಡಿ ಕೋಚಿಂಗಿಗೆ ಸೇರುವ ಖರ್ಚು ಬೇರೆ.

ನನ್ನ ತಕರಾರು ಇಷ್ಟು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನೀಲನಕ್ಷೆ, ಮಾದರಿ ಪ್ರಶ್ನೆಪತ್ರಿಕೆ ತೋರಿಸಿ ಪರೀಕ್ಷೆಗೆ ಕಳಿಸುತ್ತೇವೆ. ಊರು ಬಿಟ್ಟು ದೇಶ ದಾಟಲು ಹೊರಟ ಮಕ್ಕಳಿಗೆ ಯಾಕೆ ತೋರಿಸುವುದಿಲ್ಲ? ಇದು ಗುಟ್ಟಿನ ವಿಷಯವಲ್ಲ, ಮಾದರಿ ಪತ್ರಿಕೆಗಳು ಐಇಎಲ್‌ಟಿಎಸ್‌ನ ಅಧಿಕೃತ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಚಳ್ಳಕೆರೆ, ಮೊಳಕಾಲ್ಮೂರಿನ ಕಾಲೇಜುಗಳು ಕೊನೇ ವರ್ಷದವರಿಗೆ ಒಂದು ಮಧ್ಯಾಹ್ನ ಬಿಟ್ಟುಕೊಟ್ಟು, ಒಂದು ಮಾದರಿ ಪತ್ರಿಕೆ ಬರೆಸಲಿ. ಲೆಕ್ಚರರುಗಳಿಗೆ ಇದು ದೊಡ್ಡ ಕೆಲಸವಲ್ಲ.

ಆ ಹುಡುಗಿ ಭಾನುವಾರ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಓದುವ ಪತ್ರಿಕೆ ಬರೆದಳಂತೆ. 40ರಲ್ಲಿ 22 ಸರಿ. "ಕಮ್ಮಿ ಅಲ್ವಾ ಅಣ್ಣಾ?" ಎಂದಳು. ಕಮ್ಮಿಯೇ. ಆದರೆ ಎಷ್ಟು ಕಮ್ಮಿ ಅನ್ನುವುದು ಅವಳಿಗೆ ಈಗ ಗೊತ್ತು, ಶುಲ್ಕ ಇನ್ನೂ ಕಟ್ಟಿಲ್ಲ.