ಪೂರ್ವವನ್ನು ಮರೆಸಿದ ಒಲವು



ಹೊಸದಾಗಿ ಒಲಿದ ಇಬ್ಬರು. ಒಬ್ಬರಿಗೊಬ್ಬರು ಹೇಳದೆ ಮರೆಸಿದ ಹಳೆಯ ಸಂಗತಿ. ಅದು ಯಾವ ಗಳಿಗೆಯಲ್ಲಿ ಬಯಲಾದೀತೋ ಎಂಬ ತವಕ. ಇಂದಿನ ಧಾರಾವಾಹಿಗಳಿಗೂ ಪತ್ತೇದಾರಿ ಕಾದಂಬರಿಗಳಿಗೂ ಇದೇ ಬಂಡವಾಳವಾಗಿದೆ. ಆದರೆ ಇದು ಹೊಸ ಸರಕಲ್ಲ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸ ಕವಿಯು ‘ಪ್ರಭುಲಿಂಗಲೀಲೆ’ಯಲ್ಲಿ ಇದನ್ನೇ ಕಥೆಯಾಗಿಸಿದ್ದಾನೆ.

ಬನವಸೆಯ ಅರಸು ಮಮಕಾರ, ಅರಸಿ ಮೋಹಿನಿ; ಅವರ ಮಗಳು ಮಾಯೆ. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನಿಗೆ ಅವಳು ಮನಸೋಲುತ್ತಾಳೆ. ಅವಳಾದರೋ ಪಾರ್ವತಿಯ ತಾಮಸ ಕಳೆ. ಅಲ್ಲಮನನ್ನು ಮರುಳುಗೊಳಿಸುವೆನೆಂಬ ಪಂತಕ್ಕಾಗಿ ಭುವಿಗೆ ಇಳಿದವಳು. ಅವನಾದರೋ ಯಾವ ಮಾಯೆಗೂ ಸಿಲುಕದವನು. ಪುರಾಣ ಕೇಳುವ ಭಕ್ತರಿಗೆ ಇಬ್ಬರ ಪೂರ್ವವೂ ತಿಳಿದಿದೆ. ಆದರೂ ಮುಂದೇನೆಂದು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಕಡೆಗೆ ಅಪ್ಪಲು ಬಂದವಳ ತೋಳಿಗೆ ಅಲ್ಲಮನು ಸಿಕ್ಕುವುದಿಲ್ಲ. ಗೆಲ್ಲುವುದಕ್ಕಾಗಿ ಹೂಡಿದ ಒಲವಿನ ಫಲ ಇಷ್ಟೇ.

ಕಾವ್ಯದಲ್ಲಿ ಇದು ಲೀಲೆ. ಸಂಸಾರದಲ್ಲಿ ಮಾತ್ರ ಆರದ ಗಾಯ. ಅಥಣಿ ಸೀಮೆಯ ತೆಲಸಂಗದಂತಹ ಊರನ್ನೇ ನೋಡೋಣ. ಇಲ್ಲಿಂದ ವಿಜಯಪುರವೂ ದೂರವಲ್ಲ, ಗಡಿಯಾಚೆಯ ಜತ್ತವೂ ದೂರವಲ್ಲ. ಹಿಂದೆ ಬೀಗತನ ಬೆಳೆಸುವಾಗ ಹಿರಿಯರು ಸಂತೆಯಲ್ಲಿ, ಜಾತ್ರೆಯಲ್ಲಿ, ಮಠದ ಕಟ್ಟೆಯ ಮೇಲೆ ನಾಲ್ಕು ಜನರನ್ನು ವಿಚಾರಿಸುತ್ತಿದ್ದರು. ಇಂದು ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತ, ಮೊಬೈಲಿನಲ್ಲಿ ಪರಿಚಯವಾಗಿ ತಾವೇ ಒಪ್ಪಿಕೊಳ್ಳುತ್ತಾರೆ. ಒಲವನ್ನು ನಾವು ಹಳಿಯುವುದಿಲ್ಲ. ಆದರೆ ಮೊದಲಿನ ಮದುವೆ, ತೀರದ ಸಾಲ, ಬಿಡದ ಕುಡಿತ, ಇವನ್ನು ಮರೆಸಿ ಕಟ್ಟಿದ ಮನೆ ಎಷ್ಟು ದಿನ ನಿಂತೀತು?

ಕಾಯಿದೆಯೂ ಇದನ್ನು ಸಣ್ಣ ತಪ್ಪೆಂದು ಎಣಿಸುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ತನಗೆ ಒಳಪಡುವವರಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಹೇಳಿದೆ. ಅದರ 12ನೆಯ ಕಲಮಿನಂತೆ, ಮುಖ್ಯ ಸಂಗತಿಯೊಂದನ್ನು ವಂಚನೆಯಿಂದ ಮರೆಸಿ ಒಪ್ಪಿಗೆ ಪಡೆದಿದ್ದರೆ, ಮದುವೆಯನ್ನು ರದ್ದುಗೊಳಿಸಬೇಕೆಂದು ನೊಂದವರು ನ್ಯಾಯಾಲಯವನ್ನು ಕೇಳಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಿಳಿದ ಮೇಲೂ ಮನಃಪೂರ್ವಕವಾಗಿ ಕೂಡಿ ಬಾಳಿದ್ದರೆ ಆ ಹಕ್ಕು ಉಳಿಯದು. ಇನ್ನು ಹಿಂದಿನ ಮದುವೆ ಊರ್ಜಿತವಿರುವಾಗಲೇ ಅದನ್ನು ಮುಚ್ಚಿಟ್ಟು ಮತ್ತೊಂದು ಮದುವೆಯಾದವರಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮು 10 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ.

ಆದರೆ ನ್ಯಾಯಾಲಯದ ಮೆಟ್ಟಿಲಿಗಿಂತ ಮೊದಲು ಶರಣರ ಮೇಲ್ಪಂಕ್ತಿಯಿದೆ. ಕನ್ನದ ಮಾರಿತಂದೆ, ಸೂಳೆ ಸಂಕವ್ವೆ ಎಂಬ ಹೆಸರುಗಳನ್ನು ನೆನೆಯಿರಿ. ಕನ್ನ ಹಾಕುತ್ತಿದ್ದವನ, ವೇಶ್ಯಾವೃತ್ತಿಯಲ್ಲಿದ್ದವಳ ಪೂರ್ವವು ಅವರ ಹೆಸರಿನ ಮುಂದೆಯೇ ನಿಂತಿದೆ! ಸಂಕವ್ವೆಯ ವಚನದ ಅಂಕಿತವಂತೂ ‘ನಿರ್ಲಜ್ಜೇಶ್ವರ’. ಮುಚ್ಚಲು ಏನೂ ಇಲ್ಲದವರಿಗೆ ಬಯಲಾಗುವ ಭಯವೆಲ್ಲಿಯದು? ಅವರು ಹೇಳಿಕೊಂಡದ್ದು ಎಷ್ಟು ದೊಡ್ಡದೋ, ಶರಣ ಸಂಕುಲವು ಅವರನ್ನು ತಮ್ಮವರೆಂದು ಅಪ್ಪಿಕೊಂಡದ್ದೂ ಅಷ್ಟೇ ದೊಡ್ಡದು.

ಆದುದರಿಂದ ತರುಣ ತರುಣಿಯರಿಗೆ ನಮ್ಮ ಮಾತು ಇಷ್ಟು: ನಾಳೆ ಸಂಗಾತಿಯು ಯಾವ ಸಂಗತಿಯ ಭಾರವನ್ನು ಹೊರಬೇಕಾಗುವುದೋ, ಅದನ್ನು ಅಕ್ಕಿಕಾಳು ಬೀಳುವ ಮೊದಲೇ ಹೇಳಿರಿ. ಕೇಳಿದವರು ಒಲ್ಲೆನೆನ್ನಬಹುದು; ಅದು ಅವರ ಹಕ್ಕು. ಆದರೆ ಒಪ್ಪಿದ ಮೇಲೆ ಜಗಳಕ್ಕೊಮ್ಮೆ ಅದನ್ನೇ ಎತ್ತಿ ಆಡಬಾರದು. ಹಿರಿಯರಿಗೂ ಒಂದು ಬಿನ್ನಹವುಂಟು. ಮಗನ ಕುಡಿತವನ್ನು ‘ಮದುವೆಯಾದರೆ ಸರಿಹೋದೀತು’ ಎಂದು ಮುಚ್ಚಿ ಬೇರೊಬ್ಬರ ಮಗಳನ್ನು ತರಬೇಡಿರಿ. ನಿಜ ಹೇಳಿದ ಮಗಳನ್ನು ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಹೇಳಿದರೆ ಕೇಳುವವರಿದ್ದಾರೆಂಬ ಧೈರ್ಯವು ಮನೆಯಲ್ಲಿದ್ದರೆ ಮಕ್ಕಳು ಮರೆಸುವುದನ್ನು ಕಲಿಯುವುದಿಲ್ಲ.