ಪೌರತ್ವ ಪತ್ರ ಕೈಸೇರಿದ ಮೇಲೆ

2024ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆ ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳ ಐವರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಭಾರತದ ಪೌರತ್ವ ದೊರೆಯಿತು. ಬಾಂಗ್ಲಾ ಮೂಲದ ಕುಟುಂಬಗಳು ಇಲ್ಲಿ ನೆಲೆಸಿ ದಶಕಗಳೇ ಕಳೆದಿವೆ. ಪತ್ರವೇನೋ ಬಂತು, ಮುಂದೇನು?

ಇಲ್ಲೇ ಹುಟ್ಟಿದವರು, ಹೊರಗಿನಿಂದ ಬಂದವರು ಎಂಬ ಪಂಕ್ತಿಭೇದ ನಮ್ಮ ಸಂವಿಧಾನದಲ್ಲಿಲ್ಲ. ಅಮೆರಿಕದಲ್ಲಿ ಹುಟ್ಟಿನಿಂದ ಪೌರರಾದವರಷ್ಟೇ ಅಧ್ಯಕ್ಷರಾಗಬಹುದು. ಭಾರತದಲ್ಲಿ ರಾಷ್ಟ್ರಪತಿ ಹುದ್ದೆಗೂ ಆ ತಡೆಯಿಲ್ಲ. ಮತದಾನ, ಚುನಾವಣೆಗೆ ಸ್ಪರ್ಧೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹೊಸ ಪೌರರು ಅರ್ಹರು.

ಜವಾಬ್ದಾರಿಯೂ ಅಷ್ಟೇ ಇದೆ. 51ಎ ವಿಧಿಯ ಮೂಲಭೂತ ಕರ್ತವ್ಯಗಳು ಎಲ್ಲರಿಗೂ ಒಂದೇ. ಆದರೆ ಅರ್ಜಿ ಹಾಕಿ ಪಡೆದ ಪೌರತ್ವವನ್ನು ಸರ್ಕಾರ ರದ್ದುಪಡಿಸಲೂಬಹುದು: ವಂಚನೆಯಿಂದ ಪಡೆದದ್ದು ಸಾಬೀತಾದರೆ ಅಥವಾ ಪೌರತ್ವ ದೊರೆತ ಐದು ವರ್ಷದೊಳಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲುಶಿಕ್ಷೆಯಾದರೆ, ಪೌರತ್ವ ಕಾಯ್ದೆಯ 10ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಮತದಾರರ ಪಟ್ಟಿಗೆ ಹೆಸರು ತಾನಾಗಿ ಸೇರುವುದಿಲ್ಲ. ನಮೂನೆ 6 ತುಂಬಿ ಬೂತ್ ಮಟ್ಟದ ಅಧಿಕಾರಿಗೆ ಕೊಡಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಬೆಂಗಳೂರಿನ ಮೈಸೂರು ರಸ್ತೆ ಪಕ್ಕದ ಬಾಪೂಜಿ ನಗರದಂಥ ಬಡಾವಣೆಗಳಲ್ಲಿ ಬಾಡಿಗೆ ಕರಾರು ಮುಗಿದಂತೆ ವಿಳಾಸವೂ ಬದಲಾಗುತ್ತದೆ. ಆಗ ಬೇಕಾದದ್ದು ನಮೂನೆ 8. ಹಳೆಯ ಪೌರರೂ ಇದನ್ನು ಮರೆತು ಮತದಾನದ ದಿನ ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ.

ಹೊಸ ಪೌರರಿಗೆ ಪತ್ರದೊಂದಿಗೆ ಈ ನಮೂನೆಗಳನ್ನೂ ಕನ್ನಡದ ಕೈಪಿಡಿಯೊಂದನ್ನೂ ಜಿಲ್ಲಾಡಳಿತವೇ ಕೊಡಲಿ.